ಗರ್ಭದಲ್ಲೇ ಲಿಂಗ ಪಡೆದ ಮಗು

ಮಕ್ಕಳು ಶಿವನು ಕೊಟ್ಟ ಪ್ರಸಾದ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಬೇಕೇ ಹೊರತು ಇದು ಸಿಹಿ, ಇದು ಸಪ್ಪೆ ಎಂದು ಆರಿಸಬಾರದು. ಈ ಮಾತಿಗೆ ತಲೆದೂಗದವರಿಲ್ಲ. ಆದರೆ ಮನೆಯ ಮಗು ಮೂರು ವರ್ಷ ತುಂಬಿದರೂ ಮಾತನಾಡದಿದ್ದಾಗ, ಹೆಸರು ಹಿಡಿದು ಕರೆದರೂ ತಿರುಗದಿದ್ದಾಗ, ಒಂದು ಗಳಿಗೆಯೂ ಕುಳಿತಲ್ಲಿ ಕೂರದಿದ್ದಾಗ ಬಹುಮಂದಿ ಇದನ್ನು ಮರೆಯುತ್ತಾರೆ.

ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಿಂದ ದೇವರಮನೆಯ ಕಾಲಭೈರವೇಶ್ವರನಿಗೆ ಹರಕೆ ಹೊತ್ತು ಬರುವವರಲ್ಲಿ ಇಂಥ ಮಕ್ಕಳ ತಾಯಂದಿರೂ ಉಂಟು. ನಮ್ಮಲ್ಲಿಗೆ ಬಂದಾಗ ಅವರು ಕೇಳುವುದು ಒಂದೇ ಪ್ರಶ್ನೆ: 'ಬುದ್ಧೀ, ಇದು ಯಾವ ಜನ್ಮದ ಪಾಪ?' ಮನೆಯಲ್ಲಿ ಹಿರಿಯರು ತಾಯಿಯನ್ನು ದೂರಿರುತ್ತಾರೆ. ನೆರೆಯವರು ಗಾಳಿ ಸೋಕಿದೆ ಎಂದಿರುತ್ತಾರೆ. ತಾಯಿತ, ಅಂತ್ರಗಳಲ್ಲೇ ನಾಲ್ಕಾರು ವರ್ಷ ಕಳೆದುಹೋಗಿರುತ್ತದೆ.

ಇದು ಪಾಪದ ಫಲವಲ್ಲ. ವೈದ್ಯರು ಇವುಗಳಲ್ಲಿ ಒಂದನ್ನು ಆಟಿಸಂ ಎಂದೂ, ಗಮನ ನಿಲ್ಲದೆ ಅತಿಯಾಗಿ ಚಡಪಡಿಸುವ ಇನ್ನೊಂದನ್ನು ಎಡಿಎಚ್‌ಡಿ ಎಂದೂ ಕರೆಯುತ್ತಾರೆ. ಎರಡೂ ಮೆದುಳು ಬೆಳೆಯುವ ಬಗೆಯಲ್ಲಿನ ವ್ಯತ್ಯಾಸಗಳು. ಕೆಲವು ಮಕ್ಕಳಲ್ಲಿ ಎರಡೂ ಕೂಡಿಯೇ ಇರುತ್ತವೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಮೇಲೆ ಆಟಿಸಂ ಲೋಕಕ್ಕೆ ಪರಿಚಯವಾಯಿತು. ಅನಂತರ ಕೆಲವು ಕಾಲ ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಅಲ್ಲಿಯ ಪಂಡಿತರೂ ದೂರಿದ್ದುಂಟು. ಆ ವಾದ ನಿಲ್ಲಲಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮ ಮಲೆನಾಡಿಗಷ್ಟೇ ಅಂಟಿದ ಜಾಡ್ಯವಲ್ಲವೆಂದಾಯಿತು.

ಕರ್ಮವನ್ನು ಅನುಭವಿಸಿಯೇ ತೀರಬೇಕೆನ್ನುವ ಭಕ್ತರಿಗೆ ನಾವು ಹೇಳುವುದಿಷ್ಟು. ಗುರುದೀಕ್ಷೆಯಿಂದ ಮಲತ್ರಯಗಳು ಅಳಿಯುತ್ತವೆ ಎಂಬುದು ವೀರಶೈವ ಸಿದ್ಧಾಂತ. ಎಂಟನೆಯ ತಿಂಗಳಲ್ಲಿ, ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗ ಸಂಸ್ಕಾರ ಕೊಡುವ ಪರಂಪರೆ ನಮ್ಮದು. ಈ ಮಗು ಮಾತನಾಡುವುದೋ, ಲೆಕ್ಕ ಕಲಿಯುವುದೋ ಎಂದು ಗುರುವು ಆಗ ಕೇಳುವುದಿಲ್ಲ. ಕೇಳದೆ ಕೊಟ್ಟ ಅರ್ಹತೆಯನ್ನು ಆಮೇಲೆ ಶಾಲೆಯ ಅಂಕ ನೋಡಿ ಕಸಿಯಲು ನಾವು ಯಾರು?

ಇನ್ನೊಂದು ಸಂಕಟವನ್ನು ತಾಯಂದಿರು ಅಂಜುತ್ತ ಹೇಳಿಕೊಳ್ಳುತ್ತಾರೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಮೈಮೇಲೆ ಏನು ತಾಗಿದರೂ ಸಹಿಸದು. ಅವು ಶಿವದಾರವನ್ನು ಕಿತ್ತೆಸೆಯುತ್ತವೆ, ಹಣೆಯ ವಿಭೂತಿಯನ್ನು ಒರೆಸಿಕೊಳ್ಳುತ್ತವೆ. ವೀರಶೈವರಿಗೆ ಅಂಗದಿಂದ ಲಿಂಗ ಅಗಲುವುದು ಸಣ್ಣ ಮಾತಲ್ಲ, ನಿಜ. ಆದರೆ ಗರ್ಭಸ್ಥ ಶಿಶುವಿನ ಲಿಂಗವನ್ನು ಹೆರಿಗೆಯವರೆಗೆ ಅದರ ಪರವಾಗಿ ಧರಿಸುವವಳು ತಾಯಿಯೇ. ಅಂದು ಸಲ್ಲುವುದು ಇಂದೂ ಸಲ್ಲುತ್ತದೆ. ಮಗುವಿನ ಲಿಂಗವನ್ನು ತಾಯಿ ತನ್ನ ಕರಡಿಗೆಯೊಡನೆ ಜೋಪಾನ ಮಾಡಲಿ. ಮಗು ಶಾಂತವಾಗಿದ್ದಾಗ ಒಂದು ಕ್ಷಣ ಅದರ ಅಂಗೈಯಲ್ಲಿಡಲಿ. ಹೊಡೆದು, ಹೆದರಿಸಿ ಕಟ್ಟುವುದು ಬೇಡ. ಇದರಿಂದ ಆಚಾರಕ್ಕೆ ಭಂಗವಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಹರಕೆ ತೀರಿಸಿ, ಬೇಡವೆನ್ನುವುದಿಲ್ಲ. ಆದರೆ ವೈದ್ಯರಲ್ಲಿಗೆ ಹೋಗುವುದನ್ನು ತಡಮಾಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ತಪಾಸಿಸಬೇಕೆಂಬ ನಿಯಮವಿದೆ. ಅಂದು ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಮಕ್ಕಳ ಪರೀಕ್ಷೆ, ಮಾರ್ಗದರ್ಶನ ದೊರೆಯುತ್ತದೆ. ಆಟಿಸಂ ಅನ್ನು ಅಳಿಸುವ ಮಾತ್ರೆಯಿಲ್ಲ. ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಎಳವೆಯಲ್ಲೇ ತರಬೇತಿ ಸಿಕ್ಕರೆ ಮಾತು, ಊಟ, ಉಡುಗೆ ಎಷ್ಟೋ ಸುಧಾರಿಸುತ್ತವೆ. ಎಡಿಎಚ್‌ಡಿಗೆ ತಂದೆತಾಯಿಗಳ ತರಬೇತಿಯ ಜೊತೆಗೆ, ಅಗತ್ಯವಿದ್ದರೆ ವೈದ್ಯರು ಕೊಡುವ ಔಷಧಿಯೂ ಉಂಟು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕಾಗಿದೆ. ಇದು ಯಾರೂ ನೀಡುವ ಭಿಕ್ಷೆಯಲ್ಲ.

ತೋಟದ ಸಾಹುಕಾರರಿಗೂ ಒಂದು ಮಾತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಾಯಿ ಹಣ್ಣು ಬಿಡಿಸಲು ಹೋದರೆ ಮಗು ಲೈನ್ ಮನೆಯಲ್ಲಿ ಉಳಿಯುತ್ತದೆ. ಇಂಥ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುತ್ತವೆ. ನೀರು ಕಂಡರೆ ಅತ್ತಲೇ ನಡೆಯುವ ಮಕ್ಕಳೂ ಇವೆ. ನಿಮ್ಮ ತೋಟದ ಕೆರೆಗೆ, ಪಲ್ಪರ್ ಮನೆಯ ತೊಟ್ಟಿಗೆ ಬೇಲಿ ಹಾಕಿಸಿ. ಅಂಥ ತಾಯಿಗೆ ಲೈನಿನ ಸಮೀಪದಲ್ಲೇ ಕೆಲಸ ಕೊಡಿ. ಅದು ಹತ್ತು ಜಾತ್ರೆಗೆ ಕೊಟ್ಟ ಕಾಣಿಕೆಗಿಂತ ಮಿಗಿಲು.

ಮಠಗಳ ಹೊಣೆಯೂ ಕಡಿಮೆಯಲ್ಲ. ದಾಸೋಹದ ಸಾಲಿನಲ್ಲಿ ಈ ಮಕ್ಕಳನ್ನು ಕಾಯಿಸದೆ ಮೊದಲು ಬಡಿಸಬೇಕು. ನಗಾರಿ, ಮೈಕುಗಳ ಸದ್ದಿನಿಂದ ದೂರವಾಗಿ ಅವರಿಗೊಂದು ಶಾಂತವಾದ ಕೋಣೆ ಇರಬೇಕು. ಮಗು ಕಿರುಚಿದರೆ ಯಾರೂ ತಿರುಗಿ ತಾಯಿಯನ್ನು ದಿಟ್ಟಿಸಬಾರದು.

ಹಗಲಿರುಳು ಇಂಥ ಮಗುವನ್ನು ಸಾಕುವ ತಂದೆತಾಯಿಗಳ ಬದುಕು ತಪಸ್ಸೇ ಸರಿ. ಆದರೆ ಹಾಗೆಂದು ಹೊಗಳಿ ಸುಮ್ಮನಾದರೆ ಅವರ ಭಾರ ಇಳಿಯುವುದಿಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಆ ಮಗುವನ್ನು ನೋಡಿಕೊಂಡು, ತಾಯಿಗೆ ಕಣ್ಣು ಮುಚ್ಚಲು ಬಿಡುವು ಕೊಡುವ ಅತ್ತೆ, ನಾದಿನಿ, ನೆರೆಯವರು ಮುಂದೆ ಬರಲಿ. ಅದೇ ನಿಜವಾದ ಜಂಗಮಸೇವೆ. ಸರ್ವರಿಗೂ ಸನ್ಮಂಗಳವಾಗಲಿ.