ಬೋನ್ಸಾಯ್ ಕೊಳ್ಳೋ ಮುಂಚೆ ಗಿಡದ ಹೆಸರು ಕೇಳಿ

ಈ ಸಲ ಹೊಲದ ವಿಷಯ ಅಲ್ಲ. ಬೆಂಗಳೂರಲ್ಲಿ ಮಗಳ ಮನೇಲಿ, ಟಿವಿ ಪಕ್ಕ ಇದ್ದ ಒಂದು ಮೊಳದ ಮರದ ವಿಷಯ. ನಗಬೇಡಿ. ನಮ್ಮೂರ ಸುಮಾರು ಮಕ್ಕಳು ಪೇಟೇಲಿ ಇಂಥದ್ದು ತಂದಿಟ್ಕೊಂಡಿದ್ದಾರೆ. ಈ ಪೇಜ್ ಓದೋರಲ್ಲಿ ನರ್ಸರಿ ಮಾಡೋರೂ ಇದ್ದೀರಿ.

ಕಾರ್ತಿಕ ಕಳೆದ ಮೇಲೆ ಮಗಳು ಫೋನ್ ಮಾಡಿದ್ಲು. "ಅಪ್ಪಾ, ಬೋನ್ಸಾಯ್ ಎಲೆ ಉದುರ್ತಾ ಇದೆ. ರೈತರ ಮನೆ ಹುಡುಗಿ ಒಂದು ಗಿಡ ಉಳಿಸ್ಕೊಳ್ಳಲಿಲ್ಲ ಅಂತ ಅತ್ತೆ ಆಡ್ಕೋತಾರೆ" ಅಂದ್ಲು. ದನಿ ಸಣ್ಣಗಾಗಿತ್ತು. ಅಂಗಡಿಯವರು ಅಂಟಿಸಿದ್ದ ಚೀಟೀಲಿ 'ಇಂಡೋರ್ ಬೋನ್ಸಾಯ್' ಅಂತ ಅಷ್ಟೇ ಇತ್ತಂತೆ. ದಿನಾ ಒಂದು ಲೋಟ ನೀರು ಹಾಕಿ ಅಂದಿದ್ರಂತೆ.

ಅವರೆಕಾಯಿ ಕೊಡೋ ನೆಪದಲ್ಲಿ ಹೋದೆ. ಗಿಡಕ್ಕೆ ಹಸಿವು ಅಂದ್ಕೊಂಡು, ಪೊಟ್ಟಣ ಕಟ್ಕೊಂಡು ಹೋಗಿದ್ದ ಡಿಎಪಿ ಒಂದು ಚಿಟಿಕೆ ಹಾಕಿ ಬಂದೆ. ಹದಿನೈದು ದಿನಕ್ಕೆ ಉಳಿದಿದ್ದರಲ್ಲಿ ಅರ್ಧ ಎಲೆ ಹೋಯ್ತು. ರಾಗಿ ಬೀಜ ತರೋವಾಗ ತಳಿ ಯಾವುದು ಅಂತ ನಾಲ್ಕು ಸಲ ಕೇಳೋನು ನಾನು. ಇಲ್ಲಿ ಗಿಡ ಯಾವುದು ಅಂತಾನೇ ನೋಡ್ಲಿಲ್ಲ.

ಎರಡನೇ ಸಲ ಹೋದಾಗ ಕೂತು ನೋಡಿದೆ. ಎಲೆ ದಪ್ಪ, ನುಣುಪು, ಹೊಳಪು. ಕಿತ್ತರೆ ಬಿಳಿ ಹಾಲು ಬಂತು. ರೆಂಬೆ ತುದೀಲಿ ಚಿಗುರನ್ನ ಸುತ್ತಿದ ಚೂಪು ಹೊದಿಕೆ, ಅದು ಬಿದ್ದ ಕಡೆ ಉಂಗುರದ ಗುರುತು. ನಮ್ಮ ಆಲ, ಅತ್ತಿ, ಬಸರಿ ಎಲ್ಲಕ್ಕೂ ಇರೋ ಗುರುತು ಇದೇ. ಬುಡದಲ್ಲಿ ಬೇರು ಗೆಣಸಿನ ಥರ ಉಬ್ಬಿತ್ತು. ಪೇಟೇಲಿ ಇದಕ್ಕೆ ಫೈಕಸ್ ಜಿನ್ಸೆಂಗ್ ಅಂತಾರೆ, ಶಾಸ್ತ್ರದ ಹೆಸರು ಫೈಕಸ್ ಮೈಕ್ರೋಕಾರ್ಪ. ಜಿನ್ಸೆಂಗ್ ಔಷಧಿಗೂ ಇದಕ್ಕೂ ಸಂಬಂಧ ಇಲ್ಲ, ಬೇರಿನ ಆಕಾರ ನೋಡಿ ಇಟ್ಟ ಹೆಸರು. ಹಾಲು ಕೆಲವರ ಚರ್ಮಕ್ಕೆ ಆಗಲ್ಲ, ಮಕ್ಕಳ ಕೈಗೆ ಸಿಗದ ಹಾಗಿಡಿ.

ಆಲದ ಬಳಗ ಅಂತ ಗೊತ್ತಾದ ಮೇಲೆ ಅರ್ಧ ಕೆಲಸ ಮುಗೀತು. ಟಿವಿ ಪಕ್ಕದ ಕತ್ತಲೆ ಆಲಕ್ಕೆ ಹಿಡಿಸುತ್ತಾ? ಬೆಳಕು ಕಮ್ಮಿ ಆದ್ರೂ, ಜಾಗ ಬದಲಾದ್ರೂ ಎಲೆ ಉದುರಿಸೋದು ಇದರ ಸ್ವಭಾವ. ಉಗುರಲ್ಲಿ ಕಾಂಡ ಕೆರೆದೆ, ಒಳಗೆ ಹಸಿರಿತ್ತು. ಜೀವ ಬಂದಂಗಾಯ್ತು.

ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ್ದ ಬೆಣಚುಕಲ್ಲು ಕಿತ್ತೆ. ಒಳಗೆ ತೆಂಗಿನ ನಾರಿನ ಪುಡಿ ಪಿಚಿಪಿಚಿ, ಕೊಳೆತ ವಾಸನೆ. ತಟ್ಟೇಲೂ ನೀರು ನಿಂತಿತ್ತು. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿ ಮತ್ತೆ ನೆಟ್ಟೆ. ಬೆಳಗಿನ ಬಿಸಿಲು ಬೀಳೋ ಬಾಲ್ಕನಿಗೆ ಸಾಗಿಸೋಕೆ ಹೇಳಿದೆ, ಅದೂ ಒಂದೇ ದಿನ ಅಲ್ಲ, ದಿನಕ್ಕಿಷ್ಟು ಹತ್ತಿರ. "ಲೋಟದ ಲೆಕ್ಕ ಬಿಡವ್ವ. ಬೆರಳು ಒಂದು ಗೆಣ್ಣು ಇಳಿಸಿ ನೋಡು. ಒಣಗಿದ್ರೆ ತಳದ ತೂತಿಂದ ಹರಿಯೋವರೆಗೂ ಹಾಕು, ಹಸಿ ಇದ್ರೆ ಮುಟ್ಟಬೇಡ. ಹೊಸ ಎಲೆ ಬಲಿಯೋವರೆಗೂ ಗೊಬ್ಬರ ಬೇಡ" ಅಂದೆ.

ಶಿವರಾತ್ರಿ ಹೊತ್ತಿಗೆ ಚಿಗುರಿನ ಫೋಟೋ ಬಂತು. ಒಂದು ಕೊಂಬೆ ಒಣಗಿ ಹೋಯ್ತು, ಅದು ನನ್ನ ಡಿಎಪಿ ಲೆಕ್ಕಕ್ಕೆ.

ನನ್ನ ತಕರಾರು ಆ ಚೀಟಿ ಮೇಲೆ. ಬೋನ್ಸಾಯ್ ಅಂದ್ರೆ ಜಪಾನಿ ಭಾಷೇಲಿ ತಟ್ಟೇಲಿ ನೆಟ್ಟಿದ್ದು ಅಂತ. ಅದು ಬೆಳೆಸೋ ರೀತಿ, ಗಿಡದ ಜಾತಿ ಅಲ್ಲ. ಅದೇ ಹೆಸರಲ್ಲಿ ಜೇಡ್ ಮಾರ್ತಾರೆ, ಅದರ ಎಲೇಲೇ ನೀರು ತುಂಬಿರುತ್ತೆ, ದಿನಾ ಹಾಕಿದ್ರೆ ಕೊಳೆಯುತ್ತೆ. ಜುನಿಪರ್ ಮಾರ್ತಾರೆ, ಅದು ಬಯಲಿನ ಮರ, ಮನೆಯೊಳಗೆ ಬದುಕಲ್ಲ. ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ಕಾಣುತ್ತೆ, ಕೊಂಡೋರು ನೀರು ಹಾಕ್ತಾನೇ ಇರ್ತಾರೆ, ಪಾಪ. ಮೂರಕ್ಕೂ ಒಂದೇ ಲೋಟ ಅಂದ್ರೆ ಹೆಂಗೆ? 'ಇಂಡೋರ್' ಅನ್ನೋದು ಮಾರೋರು ಇಟ್ಟ ಹೆಸರು, ಯಾವ ಮರವೂ ಚಾವಣಿ ಕೆಳಗೆ ಹುಟ್ಟಿದ್ದಲ್ಲ.

ಮರಾನ ಕುಳ್ಳ ಮಾಡೋದು ಪಾಪ ಅಂತ ಕೆಲವರು ಅಂತೀರಿ. ಹಿಪ್ಪುನೇರಳೆನ ವರ್ಷಕ್ಕೆ ಐದು ಸಲ ಕಡಿಯೋ ನಾವು ಆ ಮಾತಾಡೋದು ಸರಿಯಲ್ಲ. ಕತ್ತರಿ ಹಾಕಿದ್ರೆ ತಪ್ಪಿಲ್ಲ, ಕತ್ತಲಲ್ಲಿ ಕೂರಿಸಿ ನೀರಲ್ಲಿ ಮುಳುಗಿಸೋದು ತಪ್ಪು.

ನರ್ಸರಿ ಅಣ್ಣಂದಿರೇ, ಕುಂಡಕ್ಕೆ ಗಿಡದ ನಿಜವಾದ ಹೆಸರು, ಎಷ್ಟು ಬಿಸಿಲು ಬೇಕು ಅನ್ನೋದು ಬರೆದು ಕೊಡಿ. ಉಳಿದೋರು, ಮಕ್ಕಳ ಮನೇಲಿ ಸೊರಗಿದ ಬೋನ್ಸಾಯ್ ಇದ್ರೆ ಎಲೆ, ರೆಂಬೆ ತುದಿ, ಬುಡ ಮೂರರದ್ದೂ ಫೋಟೋ ಹಾಕಿ. ಯಾವುದು ಅಂತ ಕೂತು ನೋಡೋಣ.