ಹೆಸರೊಂದೆಡೆ, ಮೌಲ್ಯವೊಂದೆಡೆ

ಡೇಟಾಬೇಸಿನ ಕೋಷ್ಟಕಕ್ಕೆ ಹೊಸ ಸಾಲೊಂದನ್ನು ಸೇರಿಸಲು ಎಸ್‌ಕ್ಯೂಎಲ್ ಭಾಷೆ ವಿಧಿಸಿರುವ ವಾಕ್ಯರಚನೆಯು ಓದುವವರಿಗೆ ಬಗೆದ ಅನ್ಯಾಯವೆಂದೇ ನಾವು ಭಾವಿಸುತ್ತೇವೆ. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಈ ಭಾಷೆಯನ್ನು ನಂಬಿಯೇ ಅನ್ನ ಉಣ್ಣುವ ಕನ್ನಡಿಗರು ಅನೇಕರಿರುವುದರಿಂದ ಈ ಮಾತು ಇಲ್ಲಿ ಅಪ್ರಸ್ತುತವಲ್ಲ.

‘ಇನ್ಸರ್ಟ್’ ಆಜ್ಞೆಯಲ್ಲಿ ಮೊದಲ ಆವರಣದೊಳಗೆ ಕಾಲಮ್ಮುಗಳ ಹೆಸರುಗಳೆಲ್ಲ ಬರುತ್ತವೆ. ‘ವ್ಯಾಲ್ಯೂಸ್’ ಎಂಬ ಪದದ ಆಚೆಗೆ, ಮತ್ತೊಂದು ಆವರಣದೊಳಗೆ, ಅವುಗಳ ಮೌಲ್ಯಗಳು. ಇಪ್ಪತ್ತು ಕಾಲಮ್ಮುಗಳಿದ್ದರೆ ಹದಿಮೂರನೆಯ ಹೆಸರಿಗೆ ಯಾವ ಮೌಲ್ಯವೆಂದು ಬೆರಳು ಮಡಚಿ ಎಣಿಸಬೇಕು. ಸದಸ್ಯರ ಪಟ್ಟಿಯೊಂದರಲ್ಲಿ ಹುಟ್ಟೂರು, ವಾಸದ ಊರು ಎಂಬ ಕಾಲಮ್ಮುಗಳಿವೆಯೆನ್ನಿ. ‘ಧಾರವಾಡ’, ‘ಪುಣೆ’ ಎಂಬೆರಡು ಮೌಲ್ಯಗಳು ಹಿಂದುಮುಂದಾದರೂ ಡೇಟಾಬೇಸು ತುಟಿಪಿಟಕ್ಕೆನ್ನದೆ ನುಂಗಿಕೊಳ್ಳುತ್ತದೆ. ಅದರ ಪಾಲಿಗೆ ಎರಡೂ ಬರಿಯ ಅಕ್ಷರಗಳು. ಹೊರನಾಡಿನಲ್ಲಿ ಬಾಳುವ ನಮಗೆ ಈ ಅದಲುಬದಲು ಸಣ್ಣದಲ್ಲ.

ಅದೇ ಭಾಷೆಯ ‘ಅಪ್‌ಡೇಟ್’ ಆಜ್ಞೆಯಾದರೋ ‘ಸೆಟ್’ ಎಂದ ಮೇಲೆ ಹುಟ್ಟೂರು = ‘ಧಾರವಾಡ’ ಎಂದು ಹೆಸರನ್ನೂ ಮೌಲ್ಯವನ್ನೂ ಜೊತೆಯಾಗಿಯೇ ನಿಲ್ಲಿಸುತ್ತದೆ. ಇದ್ದ ಸಾಲನ್ನು ತಿದ್ದುವವರಿಗೊಂದು ನ್ಯಾಯ, ಹೊಸ ಸಾಲನ್ನು ಬರೆಯುವವರಿಗೆ ಇನ್ನೊಂದೇ? ಮೈಎಸ್‌ಕ್ಯೂಎಲ್ ಬಹುಕಾಲದಿಂದ ‘ಇನ್ಸರ್ಟ್’ ಆಜ್ಞೆಯಲ್ಲೂ ‘ಸೆಟ್’ ಬಳಸಲು ಬಿಟ್ಟಿದೆ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಬಿಟ್ಟಿಲ್ಲ. ಅಂದಮೇಲೆ ಇದು ಅಸಾಧ್ಯದ ಮಾತಲ್ಲ, ಅಲಕ್ಷ್ಯದ ಮಾತು.

1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದ ಎಡ್ಗರ್ ಕಾಡ್, ಬಳಸುವವರು ಕಾಲಮ್ಮುಗಳ ಕ್ರಮವನ್ನು ನೆನಪಿಡಬೇಕಿಲ್ಲ, ಹೆಸರಿನಿಂದಲೇ ಗುರುತಿಸಲಿ ಎಂದಿದ್ದರು. 1974ರಲ್ಲಿ ಐಬಿಎಮ್ಮಿನ ಚೇಂಬರ್ಲಿನ್ ಮತ್ತು ಬಾಯ್ಸ್ ಎಸ್‌ಕ್ಯೂಎಲ್‌ನ ಪೂರ್ವರೂಪವಾದ ‘ಸೀಕ್ವೆಲ್’ ಅನ್ನು ಪ್ರಕಟಿಸಿದಾಗ, ಪ್ರೋಗ್ರಾಮಿಂಗ್ ಬಲ್ಲವರಲ್ಲದವರಿಗೂ ಅದು ಎಟುಕಬೇಕೆಂಬುದೇ ಆಶಯವಾಗಿತ್ತು. ಸ್ಥಾನವನ್ನೇ ನೆಚ್ಚುವ ಈ ವಾಕ್ಯ ಆ ಎರಡು ಆಶಯಗಳಿಗೂ ಎರವಾಗಿದೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಅಕ್ಕ ತಮ್ಮನಿಗೆ ಪುಸ್ತಕ ಕೊಟ್ಟಳು’ ಎಂದರೂ ‘ತಮ್ಮನಿಗೆ ಪುಸ್ತಕ ಕೊಟ್ಟಳು ಅಕ್ಕ’ ಎಂದರೂ ಕೊಟ್ಟವಳು ಅಕ್ಕನೇ, ಪಡೆದವನು ತಮ್ಮನೇ. ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುವುದರಿಂದ ಪದ ಎಲ್ಲಿದ್ದರೂ ತನ್ನ ಪಾತ್ರವನ್ನು ಮರೆಯದು. ಮೌಲ್ಯಕ್ಕೂ ಅದರ ಹೆಸರು ಹೀಗೆಯೇ ಅಂಟಿಕೊಂಡಿರಬೇಕು.

ಸಾವಿರ ಸಾಲುಗಳನ್ನು ಒಟ್ಟಿಗೆ ಸೇರಿಸುವಾಗ ಪ್ರತಿಸಲ ಹೆಸರು ಬರೆಯುವುದು ದಂಡವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಹಳೆಯ ಪಟ್ಟಿಯ ಕ್ರಮವೇ ಇರಲಿ. ಒಂದೇ ಸಾಲಿಗೆ ಆ ಶಿಕ್ಷೆ ಏಕೆ? ಆಜ್ಞೆಯನ್ನು ತಂತ್ರಾಂಶವೇ ಬರೆದುಕೊಡುತ್ತದೆ ಎಂಬ ಸಮಾಧಾನವೂ ಪೊಳ್ಳು: ತಪ್ಪು ನಡೆದ ರಾತ್ರಿ ಅದನ್ನು ಓದುವುದು ಮನುಷ್ಯರ ಕಣ್ಣುಗಳೇ.

ಜೋಡಿ ಬರವಣಿಗೆ ಎಸ್‌ಕ್ಯೂಎಲ್‌ನ ಎಲ್ಲ ಡೇಟಾಬೇಸುಗಳಿಗೂ ಬರಲಿ. ಅಲ್ಲಿಯವರೆಗೆ ಕಾಲಮ್ಮುಗಳ ಹೆಸರನ್ನೇ ಬಿಟ್ಟು ಬರೆದ ‘ಇನ್ಸರ್ಟ್’ ಅನ್ನು ನಮ್ಮವರು ಯಾರೂ ಒಪ್ಪದಿರಲಿ. ಬರೆಯುವವರು ಉಳಿಸಿದ ನಾಲ್ಕು ಪದಗಳ ಸಾಲವನ್ನು ಓದುವವರು ಬಡ್ಡಿಸಮೇತ ತೀರಿಸುವಂತಾಗಬಾರದು.