ಮಾಳಿಗೆ ಮೇಲಿನ ಕಂಬ

ಆಳಂದದ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ಕಬ್ಬಿಣದ ಕಂಬ ಇತ್ತು. ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ಎಂಬತ್ತರ ದಶಕದಲ್ಲಿ ಓಣಿಯ ಮಂದಿಯೆಲ್ಲ ಸಂಜೆಗೆ ನಮ್ಮ ಪಡಸಾಲೆಯಲ್ಲೇ ಸೇರುತ್ತಿದ್ದರು. ಗಾಳಿ ಜೋರಾಗಿ ಬೀಸಿದರೆ ಸಾಕು, ಕಂಬ ತಿರುಗಿ ಟಿ.ವಿ. ತುಂಬ ಹಿಟ್ಟು ಚೆಲ್ಲಿದಂತಾಗುತ್ತಿತ್ತು. ಆಗ ನಾನು ಮಾಳಿಗೆ ಹತ್ತಿ ಕಂಬ ತಿರುವಬೇಕು, ಅಕ್ಕ ಬಾಗಿಲಲ್ಲಿ ನಿಂತು ಕೂಗಬೇಕು.

‘ಬಂತೇನಕ್ಕಾ?’

‘ಬಂದದ, ಬಂದದ! ಹಂಗೇ ನಿಂದ್ರು... ಅಯ್ಯ, ಹೋತು!’

ಕಂಬದ ಮುಖ ಯಾವಾಗಲೂ ಕಲಬುರಗಿಯ ಕಡೆಗೇ ಇರಬೇಕಿತ್ತು. ಚಿತ್ರ ಬರುವುದು ಕಲಬುರಗಿಯಿಂದ ಎಂಬುದು ನಮ್ಮ ಓಣಿಯ ಮಕ್ಕಳಿಗೂ ಗೊತ್ತಿತ್ತು. ಇವತ್ತು ನಮ್ಮ ಮಕ್ಕಳಿಗೆ ಚಿತ್ರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಆಕಾಶದ ಕಡೆ ಕೈ ತೋರಿಸುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವವರು ಇದ್ದಾರೆ. ಅಂಥವರಿಗಾಗಿಯೇ ಈ ನಾಲ್ಕು ಮಾತು.

ಕರ್ನಾಟಕಕ್ಕೆ ಟಿ.ವಿ. ಬೆಂಗಳೂರಿನಿಂದ ಬಂತು ಎಂದು ತಿಳಿದವರೇ ಹೆಚ್ಚು. ಅದು ತಪ್ಪು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ರಾಜ್ಯದಿಂದ ಆರಿಸಿದ್ದು ಮೂರು ಜಿಲ್ಲೆ: ಗುಲಬರ್ಗಾ, ರಾಯಚೂರು, ಬಿಜಾಪುರ. ಹಿಂದುಳಿದ ಸೀಮೆಗೇ ಮೊದಲು ಕೊಡಬೇಕೆಂಬ ಬುದ್ಧಿ ಆಗ ದೆಹಲಿಗಿತ್ತು. ನನ್ನ ಸೋದರಮಾವನ ಊರಿನ ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಬಡಿಯುವ ಜಾಳಿಗೆಯಿಂದ ಮಾಡಿದ ದೊಡ್ಡ ಬುಟ್ಟಿಯೊಂದು ಆಕಾಶ ನೋಡುತ್ತಾ ನಿಂತಿತ್ತು. ನನಗೆ ಆಗ ಹತ್ತು ವರ್ಷ. ಹೊಲದಿಂದ ಬಂದವರು ಕೈಕಾಲು ತೊಳೆಯದೇ ಅಲ್ಲಿಗೆ ಬಂದು ಕೂಡುತ್ತಿದ್ದರು. ಬೀಜ, ಗೊಬ್ಬರ, ಕೂಸಿನ ಆರೋಗ್ಯ, ಎಲ್ಲವೂ ಕನ್ನಡದಲ್ಲಿ.

ಒಪ್ಪಂದದ ವರ್ಷ ಮುಗಿಯಿತು, ಉಪಗ್ರಹ ಹೋಯಿತು. ರುಚಿ ಹತ್ತಿದ ಹಳ್ಳಿಗಳನ್ನು ನಡುನೀರಿನಲ್ಲಿ ಬಿಡಬಾರದೆಂದು 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಶುರುವಾಯಿತು. ಕರ್ನಾಟಕದ ಮೊದಲ ಟಿ.ವಿ. ಪ್ರಸಾರ ಕೇಂದ್ರ ಅದೇ. ಬೆಂಗಳೂರಿಗೆ ಟಿ.ವಿ. ಬಂದದ್ದು 1981ರಲ್ಲಿ. ಎಲ್ಲದರಲ್ಲೂ ಕೊನೆಯ ಪಂಕ್ತಿಯಲ್ಲಿ ಕೂಡುವ ನಮ್ಮ ಸೀಮೆಗೆ ಎಲೆ ಮೊದಲು ಹಾಕಿದ್ದು ಈ ಒಂದರಲ್ಲಿ ಮಾತ್ರ.

ಇನ್ನು ಮುಂದಿನದನ್ನು ಕೇಳಿ. ಭೂಮಿಯ ಮೇಲಿನ ಪ್ರಸಾರವನ್ನೇ ಡಿಜಿಟಲ್ ಮಾಡುವ ಕಾಲ ಬಂತು. ಹಳೆಯ ಪದ್ಧತಿಯಲ್ಲಿ ಒಂದು ವಾಹಿನಿ ಕಳಿಸಲು ಎಷ್ಟು ತರಂಗಾಂತರ ಬೇಕೋ ಅಷ್ಟರಲ್ಲೇ ಡಿಜಿಟಲ್ ಪದ್ಧತಿ ಹಲವು ವಾಹಿನಿಗಳನ್ನು ಕಳಿಸುತ್ತದೆ. ಹಿಟ್ಟು ಚೆಲ್ಲುವುದಿಲ್ಲ, ನೆರಳು ಬೀಳುವುದಿಲ್ಲ. ಸಂಕೇತ ಸಾಕಷ್ಟಿದ್ದರೆ ಚಿತ್ರ ಕನ್ನಡಿಯಂತೆ, ಇಲ್ಲದಿದ್ದರೆ ಪೂರ್ತಿ ಕತ್ತಲೆ. ಮನೆಯವರು ಮಾಡಬೇಕಾದ್ದು ಇಷ್ಟೇ: ಸರಿಯಾದ ಆಂಟೆನಾ ಇರಬೇಕು, ಹೊಸ ಸಂಕೇತವನ್ನು ಬಿಡಿಸುವ ಒಂದು ಸಣ್ಣ ಡಬ್ಬಿ ಇರಬೇಕು. ತಿಂಗಳ ಬಾಡಿಗೆ ಇಲ್ಲ, ಕೇಬಲ್‌ನವನ ಹಂಗಿಲ್ಲ. 2016ರ ಫೆಬ್ರುವರಿಯಲ್ಲಿ ದೂರದರ್ಶನ ಇದನ್ನು 16 ನಗರಗಳಲ್ಲಿ ಶುರು ಮಾಡಿತು. ಆ ಪಟ್ಟಿಯಲ್ಲಿ ಕರ್ನಾಟಕದ್ದು ಒಂದೇ ಹೆಸರು, ಬೆಂಗಳೂರು. ಓಣಿಗೆ ನಾಲ್ಕು ಕೇಬಲ್ಲು, ಮನೆಗೆ ಎರಡು ತಟ್ಟೆ, ಕೈಗೊಂದು ಫೋನು ಇರುವ ಊರಿಗೆ ಪುಕ್ಕಟೆ ಡಿಜಿಟಲ್ ಪ್ರಸಾರ! ಬಾವಿಯ ದಂಡೆಯಲ್ಲಿ ಅರವಟ್ಟಿಗೆ ಇಟ್ಟ ಹಾಗೆ. ಅಲ್ಲಿ ಅದನ್ನು ಕೇಳಿದವರು ಯಾರು, ನೋಡಿದವರು ಯಾರು?

ನಮಗೆ ಬಂದದ್ದು ಬೇರೆ ಸುದ್ದಿ. 2021ರಲ್ಲಿ ಪ್ರಸಾರ ಭಾರತಿ ಹಳೆಯ ಪದ್ಧತಿಯ ಪ್ರಸಾರ ಕೇಂದ್ರಗಳನ್ನು ಕಂತು ಕಂತಾಗಿ ನಿಲ್ಲಿಸುತ್ತಾ ಬಂತು. 2022ರ ಮಾರ್ಚ್ ಕೊನೆಗೆ, ಆಯಕಟ್ಟಿನ ಸುಮಾರು 50 ಕಡೆ ಬಿಟ್ಟು, ಉಳಿದವೆಲ್ಲ ಬಂದ್ ಎಂದು ಹೇಳಿತು. ವರ್ಷಕ್ಕೆ ಸುಮಾರು 100 ಕೋಟಿ ರೂಪಾಯಿ ಉಳಿತಾಯ, 100 ಮೆಗಾಹರ್ಟ್ಸ್‌ಗೂ ಹೆಚ್ಚು ತರಂಗಾಂತರ ಖಾಲಿ ಎಂದು ಲೆಕ್ಕ ಕೊಟ್ಟಿತು. ಕಲಬುರಗಿಯ ಹೆಸರು ಕೇಳಿಬಂದಾಗ ಇಲ್ಲಿ ಗದ್ದಲವಾಯಿತು. ಕೇಂದ್ರ ಮುಚ್ಚುವುದಿಲ್ಲ, ಅಲ್ಲಿ ಕಾರ್ಯಕ್ರಮ ತಯಾರಿಸುವುದು ಮುಂದುವರಿಯುತ್ತದೆ, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂಬ ಸಮಜಾಯಿಷಿ ಬಂತು. ಅಂದರೆ ಅಡಿಗೆಮನೆ ಇದೆ, ಬಡಿಸುವ ಕೈ ಇಲ್ಲ.

ಹಳೆಯದನ್ನು ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಯಂತ್ರ ಹಳೆಯದಾಯಿತು, ನಿಲ್ಲಿಸಲೇಬೇಕು. ಅಮೆರಿಕ 2009ರಲ್ಲಿ ನಿಲ್ಲಿಸಿತು, ಬ್ರಿಟನ್ 2012ರಲ್ಲಿ ನಿಲ್ಲಿಸಿತು. ಆದರೆ ಅವರು ಹೊಸ ದೀಪ ಹಚ್ಚಿ ಹಳೆಯದನ್ನು ಆರಿಸಿದರು. ಅಮೆರಿಕ ಸರಕಾರವಂತೂ ಡಿಜಿಟಲ್ ಡಬ್ಬಿ ಕೊಳ್ಳಲು ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಹಂಚಿತು. ನಮ್ಮಲ್ಲಿ ಹಳೆಯದನ್ನು ಆರಿಸಿ, ಹೊಸದನ್ನು ಹಚ್ಚುವ ಮಾತನ್ನೇ ಮರೆತರು. ನನ್ನ ತಕರಾರು ಇದು.

‘ಏನ್ರಿ ಗುರುಗಳೇ, ಪುಕ್ಕಟೆ ತಟ್ಟೆ ಅದಲ್ಲ, ಮತ್ಯಾಕ ಒದರಾಡ್ತೀರಿ?’ ಎಂದು ಜೇವರ್ಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಅವನು ತಟ್ಟೆ ಕೂಡಿಸುವ ಕೆಲಸವನ್ನೇ ಮಾಡುತ್ತಾನೆ. ಅವನ ಪ್ರಶ್ನೆ ಸುಳ್ಳಲ್ಲ. 2004ರಲ್ಲಿ ಶುರುವಾದ ದೂರದರ್ಶನದ ಉಚಿತ ತಟ್ಟೆ ಬಡವರ ಮನೆಗೆ ಟಿ.ವಿ. ತಂದಿದೆ. ನಮ್ಮ ಮನೆಯ ಮೇಲೂ ಅದೇ ಇದೆ. ಅವನಿಗೆ ನಾನು ಹೇಳಿದ ಉತ್ತರ 2020ರ ಅಕ್ಟೋಬರಿನದು.

ಆ ತಿಂಗಳು ಭೀಮೆ ಹೇಗೆ ಬಂದಳೆಂಬುದು ಅಫಜಲಪುರ, ಜೇವರ್ಗಿ ತಾಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಮೇಲೆ ಮಳೆ, ಹಿಂದೆ ಉಜನಿಯಿಂದ ಬಿಟ್ಟ ನೀರು, ನಡುವೆ ಸೊನ್ನ ಬ್ಯಾರೇಜು. ನಮ್ಮಕ್ಕನನ್ನು ಕೊಟ್ಟ ಊರು ಅಫಜಲಪುರ ತಾಲೂಕಿನ ಹೊಳೆದಂಡೆಯಲ್ಲಿದೆ. ಮಳೆ ದಟ್ಟವಾದ ಕೂಡಲೇ ತಟ್ಟೆಯ ಚಿತ್ರ ಹೋಯಿತು. ಅದು ಯಾರ ತಪ್ಪೂ ಅಲ್ಲ. ಉಪಗ್ರಹದಿಂದ ಬರುವ ಆ ಸಣ್ಣ ಅಲೆಗಳನ್ನು ಜೋರು ಮಳೆ ನುಂಗುತ್ತದೆ, ಅದು ಅವುಗಳ ಗುಣ. ಆಮೇಲೆ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಫೋನಿನ ಗೋಪುರವೂ ಸತ್ತಿತು. ಅದಕ್ಕೆ ಮುಂಚೆ ಅಕ್ಕ ಮಾಡಿದ ಕೊನೆಯ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ತಮ್ಮಾ, ನೀರ ಎಷ್ಟು ಬಿಟ್ಟಾರಂತ? ಯಾರೂ ಹೇಳವಲ್ರು.’ ಆಳಂದದಲ್ಲಿ ಕೂತ ನಾನು ಟಿ.ವಿ. ಹಚ್ಚಿದೆ. ದೆಹಲಿಯ ಜಗಳವಿತ್ತು, ಸಿನಿಮಾದವರ ಸುದ್ದಿಯಿತ್ತು. ಅಕ್ಕನ ಊರಿಗೆ ನೀರು ಎಷ್ಟೊತ್ತಿಗೆ ಬರುತ್ತದೆಂದು ಹೇಳುವವರು ಯಾವ ವಾಹಿನಿಯಲ್ಲೂ ಇರಲಿಲ್ಲ. ಅವರೆಲ್ಲ ಪ್ರಾಣ ಉಳಿಸಿಕೊಂಡರು. ದವಸ, ಎರಡು ಎಮ್ಮೆ, ಮನೆಯ ಹಿಂದಿನ ಗೋಡೆ ಹೋದವು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ದಿನ ಕಲಬುರಗಿಯ ಹಳೆಯ ಪ್ರಸಾರ ಇನ್ನೂ ನಿಂತಿರಲಿಲ್ಲ. ಆದರೆ ಅದನ್ನು ಹಿಡಿಯುವ ಕಂಬ ಅಕ್ಕನ ಮನೆಯ ಮೇಲೂ ಇರಲಿಲ್ಲ, ನನ್ನ ಮನೆಯ ಮೇಲೂ ಇರಲಿಲ್ಲ. ತಟ್ಟೆ ಬಂದ ವರ್ಷವೇ ನಾನು ಕಂಬವನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದೆ. ನಾವು ನೋಡುವುದು ಬಿಟ್ಟೆವು, ಆದ್ದರಿಂದ ಅವರು ನಿಲ್ಲಿಸಿದರು ಎನ್ನಬಹುದು. ಆದರೆ ನಾವು ಬಿಟ್ಟದ್ದಾದರೂ ಯಾಕೆ? ದಿನದ ಬಹುಪಾಲು ಅಲ್ಲಿ ನಮ್ಮದೇನೂ ಉಳಿದಿರಲಿಲ್ಲ. ಬೇರೆ ಊರಿನಿಂದ ಬಂದದ್ದನ್ನು ಮುಂದೆ ದಾಟಿಸುವ ಕೆಲಸಕ್ಕೆ ಕಂಬ ಯಾಕೆ ಬೇಕು, ತಟ್ಟೆಯೇ ಸಾಕು ಎನಿಸಿತು. ಮೊದಲು ಅಂಗಡಿಯ ಸರಕು ಖಾಲಿ ಮಾಡಿ, ಆಮೇಲೆ ಗಿರಾಕಿ ಬರುವುದಿಲ್ಲವೆಂದು ಬೀಗ ಹಾಕಿದ ಹಾಗೆ ಇದು.

ಉಪಗ್ರಹಕ್ಕೆ ಆಳಂದವೂ ಒಂದೇ, ಅಂಡಮಾನೂ ಒಂದೇ. ಇಡೀ ದೇಶದ ಮೇಲೆ ಒಂದೇ ಮಳೆ ಸುರಿಸುವುದು ಅದರ ಕೆಲಸ. ಕಲಬುರಗಿಯ ಕಂಬಕ್ಕೆ ಮಾತ್ರ ತನ್ನ ನೆರೆಹೊರೆಯಷ್ಟೇ ಲೋಕ. ಅದರಲ್ಲಿ ಬೇಕಾದ್ದನ್ನು ಬೇಕಾದ ತಾಸಿನಲ್ಲಿ ಹೇಳಬಹುದು, ಬೇರೆಯವರ ಹೊತ್ತು ಕದಿಯಬೇಕಾಗಿಲ್ಲ. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದಾಗ ಈ ಜಿಲ್ಲೆಯ ರೈತ ಯಾರನ್ನು ಕೇಳಬೇಕಿತ್ತು? ಗೊಬ್ಬರದ ಅಂಗಡಿಯವನನ್ನು ಕೇಳಿದ, ಅವನು ಕೊಟ್ಟದ್ದನ್ನು ಹೊಡೆದ. ಕೃಷಿ ವಿಜ್ಞಾನಿಗಳು ಕಲಬುರಗಿಯಲ್ಲೇ ಇದ್ದರು. ಸ್ಟುಡಿಯೋ ಕಲಬುರಗಿಯಲ್ಲೇ ಇತ್ತು.

ಇದು ಆಗದ ಮಾತೇನಲ್ಲ. ಈ ಅಲೆಗಳು ಹೆಚ್ಚು ಕಡಿಮೆ ನೇರಕ್ಕೆ ಹೋಗುತ್ತವೆ, ಭೂಮಿ ಬಾಗಿದಲ್ಲಿ ನಿಲ್ಲುತ್ತವೆ. 150 ಮೀಟರ್ ಎತ್ತರದ ಗೋಪುರ, ಮನೆಯ ಮೇಲೆ 10 ಮೀಟರ್ ಎತ್ತರದ ಆಂಟೆನಾ ಎಂದು ಹಿಡಿದರೆ ಲೆಕ್ಕಕ್ಕೆ 60 ಕಿಲೋಮೀಟರಿನ ಮೇಲೆ ಸ್ವಲ್ಪ ಬರುತ್ತದೆ. ಆಳಂದ, ಜೇವರ್ಗಿ ಪಟ್ಟಣಗಳು ಅದರ ಒಳಗೇ ಬೀಳುತ್ತವೆ. ಅಫಜಲಪುರ ಅಂಚಿಗೆ ಬೀಳುತ್ತದೆ, ಅಲ್ಲೊಂದು ಸಣ್ಣ ಮರುಪ್ರಸಾರ ಕೇಂದ್ರ ಬೇಕು. ಇಂಟರ್‌ನೆಟ್ ಇಲ್ಲದೇ ಫೋನಿಗೇ ಟಿ.ವಿ. ಸಂಕೇತ ಕಳಿಸುವ ಹೊಸ ಪ್ರಯೋಗಗಳೂ ನಡೆದಿವೆ. ಕರೆಂಟು ಹೋದರೂ ಫೋನಿನ ಬ್ಯಾಟರಿ ಇದ್ದಷ್ಟು ಹೊತ್ತು ಸುದ್ದಿ ಸಿಗುತ್ತದೆ. ಅಕ್ಕನಿಗೆ ಆ ರಾತ್ರಿ ಬೇಕಾಗಿದ್ದು ಅದೇ. ಆ ಪ್ರಯೋಗ ಮಾಡಿದ ಊರುಗಳು ಯಾವುವು ಗೊತ್ತೇ? ದೆಹಲಿ, ನೋಯ್ಡಾ, ಮತ್ತೆ ಅದೇ ಬೆಂಗಳೂರು. ಪ್ರಯೋಗ ಮಾಡಲು 1975ರಲ್ಲಿ ಕಂಡ ಗುಲಬರ್ಗಾ ಈಗ ಯಾಕೆ ಕಾಣುವುದಿಲ್ಲ?

2013ರಲ್ಲಿ ಸಂವಿಧಾನಕ್ಕೆ 371(ಜೆ) ಸೇರಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಿಸಿದ ದಿನ ಎಲ್ಲ ಪಕ್ಷದವರೂ ಪೇಢೆ ತಿಂದರು. ಪ್ರಸಾರ ದೆಹಲಿಯ ವಿಷಯ, ನಮ್ಮ ಕೈಯಲ್ಲಿಲ್ಲ ಎನ್ನುವ ಅದೇ ಮುಖಂಡರು ರೈಲು ಕೇಳಲು ದೆಹಲಿಗೆ ಹೋಗುತ್ತಾರೆ, ವಿಮಾನ ಕೇಳಲು ಹೋಗುತ್ತಾರೆ. ಇದನ್ನೂ ಕೇಳಲಿ. ಕಲಬುರಗಿಗೆ ಒಂದು ಡಿಜಿಟಲ್ ಪ್ರಸಾರ ಕೇಂದ್ರ, ಅಫಜಲಪುರಕ್ಕೆ ಒಂದು ಮರುಪ್ರಸಾರ ಕೇಂದ್ರ, ದಿನಕ್ಕೆ ಎರಡು ತಾಸು ನಮ್ಮ ಜಿಲ್ಲೆಯದೇ ಕಾರ್ಯಕ್ರಮ, ಮಳೆಗಾಲದಲ್ಲಿ ತಾಸಿಗೊಮ್ಮೆ ಭೀಮೆಯ ನೀರಿನ ಲೆಕ್ಕ. ಪ್ರತಿ ಗ್ರಾಮ ಪಂಚಾಯಿತಿಯ ಮಾಳಿಗೆ ಮೇಲೆ ಒಂದು ಆಂಟೆನಾ, ಒಳಗೆ ಒಂದು ಡಬ್ಬಿ, ಒಂದು ಬ್ಯಾಟರಿ. ಮನೆಮನೆಗೆ ಆಮೇಲೆ ಬರಲಿ.

ನಾನಂತೂ ಈ ಸಲ ಕಂಬವನ್ನು ಗುಜರಿಗೆ ಹಾಕುವುದಿಲ್ಲ. ಹಾಕಿಸುವವರು ಹಾಕಿಸಲಿ, ಈಗ ಮೊಣಕಾಲು ನೋವಿದ್ದರೂ ಮಾಳಿಗೆ ಹತ್ತಿ ಅದನ್ನು ಕಲಬುರಗಿಯ ಕಡೆ ತಿರುವುತ್ತೇನೆ. ‘ಬಂದದ’ ಎಂದು ಹೇಳಲು ಅಕ್ಕ ಇನ್ನೂ ಗಟ್ಟಿಯಾಗಿದ್ದಾಳೆ.